ಕೊನೆಯ ಹದಿನಾರು ಪುಟ

ಅನುಸೂಯಾ ಈಗ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆರೆಯುತ್ತಾರೆ. ಓದುವುದಿಲ್ಲ, ಅದು ಅಲ್ಲಿದೆಯೇ ಎಂದು ನೋಡಿ ಮುಚ್ಚುತ್ತಾರೆ. ಕಾರಣ ಕೇಳಿದರೆ 2015ರ ನವೆಂಬರ್ ತಿಂಗಳ ಒಂದು ಶನಿವಾರ, ಭಾನುವಾರದ ಸಂಗತಿ ಹೇಳುತ್ತಾರೆ. ಹೇಳುವಾಗ ನಗುವುದೂ ಇಲ್ಲ, ದೂರುವುದೂ ಇಲ್ಲ. ಹಲವು ಸಲ ಹೇಳಿ ಸವೆದ ದನಿ ಅದು.

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಆಸ್ಟಿನ್ ನಗರದ ಉತ್ತರಕ್ಕೆ, ಫ್ಲೂಗರ್‌ವಿಲ್‌ನಲ್ಲಿ ಅವರ ಮನೆ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವರು. ಆಗ ಅವರಿಗೆ ಐವತ್ತೆರಡು ವರ್ಷ. ನಗರದ ವ್ಯಾಪಾರ ಕೇಂದ್ರ ದ ಡೊಮೇನ್‌ನಲ್ಲಿರುವ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಕೆಲಸ. ಬೇರೆಯವರು ಬರೆದ ತಂತ್ರಾಂಶದಲ್ಲಿ ಏನು ಬಿಟ್ಟುಹೋಗಿದೆ ಎಂದು ದಿನವಿಡೀ ಹುಡುಕಿ ವರದಿ ಕೊಡಬೇಕು. ಅದನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಟೆಕ್ಸಸ್‌ನ ಕನ್ನಡಿಗರಿಗೆ ಅವರ ಪರಿಚಯವಿದ್ದದ್ದು ಇನ್ನೊಂದು ಕೆಲಸದಿಂದ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಓದುಗರನ್ನು ಸೇರಿಸಿ ಅವರು ಆರು ವರ್ಷಗಳಿಂದ ಒಂದು ಓದುಗರ ಬಳಗ ನಡೆಸುತ್ತಿದ್ದರು. ತಿಂಗಳಿಗೊಂದು ಪುಸ್ತಕ, ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಫೋನಿನಲ್ಲಿ ಚರ್ಚೆ. ಹೆಸರು ಕೊಟ್ಟವರು ಮೂವತ್ತು ಮಂದಿ. ಓದಿಕೊಂಡು ಬರುತ್ತಿದ್ದವರು ಅದರ ಅರ್ಧ.

ಪುಸ್ತಕಗಳು ಬರುತ್ತಿದ್ದದ್ದು ಸೂಟ್‌ಕೇಸುಗಳಲ್ಲಿ. ಊರಿಗೆ ಹೋದ ಯಾರಾದರೂ ಚಟ್ನಿಪುಡಿ, ಹಪ್ಪಳಗಳ ನಡುವೆ ಒಂದು ಪ್ರತಿ ತುರುಕಿಕೊಂಡು ಬರುತ್ತಿದ್ದರು. ಹದಿನೈದು ಪ್ರತಿ ತರುವಷ್ಟು ತೂಕವನ್ನು ವಿಮಾನದವರು ಬಿಡುವುದಿಲ್ಲ. ಹೀಗಾಗಿ ಒಂದೇ ಪ್ರತಿಯನ್ನು ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬಳಗದ ರೂಢಿಯಾಯಿತು. ಅದು ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಆ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಟೆಕ್ಸಸ್‌ಗೆ ಕನ್ನಡದ ಲೇಖಕರು ಬರುವುದು ಎರಡು ಬಗೆಯಲ್ಲಿ. ದೊಡ್ಡ ಹೆಸರಿನವರನ್ನು ದೊಡ್ಡ ಸಮ್ಮೇಳನಗಳು ಕರೆಸಿಕೊಳ್ಳುತ್ತವೆ. ಉಳಿದವರು ಮಗಳ ಬಾಣಂತನಕ್ಕೆ ಬರುತ್ತಾರೆ. ಚನ್ನಬಸಪ್ಪನವರು ಎರಡನೆಯ ಗುಂಪಿನವರು. ಗದಗಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಮೂರು ಕಾದಂಬರಿ ಬರೆದಿದ್ದವರು. ಆ ವರ್ಷ ಮಗಳು ನಿಶಿತಾಳ ಹೆರಿಗೆಗೆಂದು ಹೆಂಡತಿಯೊಡನೆ ಹ್ಯೂಸ್ಟನ್‌ಗೆ ಬಂದಿದ್ದರು. ಬಾಣಂತನದ ಕೆಲಸವೆಲ್ಲ ಹೆಂಡತಿಯದು. ಇವರಿಗೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕುಳಿತು ಪಾರ್ಕಿಂಗ್ ಲಾಟ್ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಬಳಗ ಓದಲು ಆರಿಸಿಕೊಂಡಿದ್ದ ಕಾದಂಬರಿಯನ್ನು ಬರೆದವರು ಅಲ್ಲೇ ಹತ್ತಿರದಲ್ಲಿದ್ದಾರೆ ಎಂದು ತಿಳಿದಾಗ ಅನುಸೂಯಾ ಆ ದಿನವೇ ಫೋನ್ ಮಾಡಿದರು.

ಅವರ ಅವಸರಕ್ಕೆ ಕಾರಣವಿತ್ತು. ಆಸ್ಟಿನ್ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಒಂದು ಗಂಟೆಯ ಸಾಹಿತ್ಯ ಗೋಷ್ಠಿ ಇರುತ್ತಿತ್ತು. ಅದನ್ನು ಸೇರಿಸಿದವರೂ ನಡೆಸುತ್ತಿದ್ದವರೂ ಅನುಸೂಯಾ. ಆ ಒಂದು ಗಂಟೆಗೆ ಸಭಾಂಗಣ ಖಾಲಿಯಾಗುತ್ತಿದ್ದದ್ದೂ ನಿಜ. ಕೂಟದ ಅಧ್ಯಕ್ಷ ಅವಿನಾಶ್ ಸೆಪ್ಟೆಂಬರ್ ತಿಂಗಳ ಮೀಟಿಂಗಿನಲ್ಲಿ ಮಾತನ್ನು ಸುತ್ತಿ ಬಳಸಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ. ಗೋಷ್ಠಿ ಅಂದ ತಕ್ಷಣ ಜನ ಕಾರಲ್ಲಿ ಹೋಗಿ ಎಸಿ ಹಾಕ್ಕೊಂಡು ಕೂತ್ಕೋತಾರೆ. ಈ ಸಲ ಅರ್ಧ ಹಾಲ್ ಆದ್ರೂ ತುಂಬ್ಲಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಆ ಸ್ಲಾಟ್ ಬೇರೆಯವರಿಗೆ ಕೊಡಬೇಕಾಗುತ್ತೆ."

"ಲೇಖಕರೇ ಬರ್ತಿದಾರೆ ಈ ಸಲ," ಎಂದರು ಅನುಸೂಯಾ.

"ಸಿನಿಮಾಗೆ ಏನಾದ್ರೂ ಬರೆದಿದಾರಾ?"

"ಇಲ್ಲ."

"ಸರಿ, ನೋಡೋಣ," ಎಂದರು ಅವಿನಾಶ್.

ಹಾಗಾಗಿ ಆ ಒಂದು ಗಂಟೆ ಉಳಿಯುವುದೋ ಹೋಗುವುದೋ ಎಂಬುದು ಚನ್ನಬಸಪ್ಪನವರ ಮೇಲೆ ನಿಂತಿತು. ಅವರಿಗೆ ಅದು ಗೊತ್ತಿರಲಿಲ್ಲ.

ಶನಿವಾರ ಡಾಲಸ್ ಕಡೆಯವರ ಜೊತೆ ಸಂವಾದ, ಭಾನುವಾರ ಆಸ್ಟಿನ್‌ನಲ್ಲಿ ರಾಜ್ಯೋತ್ಸವ ಎಂದು ನಿಗದಿಯಾಯಿತು. ಈ ಊರುಗಳ ನಡುವೆ ಲೇಖಕರನ್ನು ಸಾಗಿಸುವ ಕ್ರಮವೊಂದಿದೆ. ಒಂದು ಊರಿನವರು ಅರ್ಧ ದಾರಿಯವರೆಗೆ ಕರೆತಂದು ಹೆದ್ದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಇನ್ನೊಂದು ಊರಿನವರ ಕಾರಿಗೆ ಹತ್ತಿಸುತ್ತಾರೆ. ಶುಕ್ರವಾರ ಅಳಿಯ ರಿಷಭ್ ಮಾವನವರನ್ನೂ ಅವರ ಜೋಳದ ರೊಟ್ಟಿಯ ಡಬ್ಬಿಯನ್ನೂ ಹಾಗೆ ಒಪ್ಪಿಸಿ ಹೋದ. ಒಪ್ಪಿಸಿಕೊಂಡವರು ಭಾಸ್ಕರ. ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟೆಂಟ್ ಆಗಿದ್ದ ಅವರೇ ಬಳಗದ ಡಾಲಸ್ ಕಡೆಯ ಆಧಾರ. ಈ ಕಾದಂಬರಿಯನ್ನು ಸ್ಕ್ಯಾನ್ ಮಾಡಿದವರೂ ಅವರೇ.

ಕಾದಂಬರಿಯ ಕತೆ ಸರಳವಾದದ್ದು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಒಬ್ಬಾತ, ಆಸ್ತಿ ಪಾಲಾದ ದಿನದಿಂದ ಅಣ್ಣನೊಡನೆ ಮಾತು ಬಿಟ್ಟವನು, ಮುದ್ರಣಾಲಯ ಮುಚ್ಚಿದ ಮೇಲೆ ಅಣ್ಣನ ಊರಿಗೆ ಹೊರಡುತ್ತಾನೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತ, ಕಳಚುತ್ತ ಹೋಗುತ್ತಾನೆ. ಅಣ್ಣನ ಮನೆಯ ಮುಂದೆ ನಿಂತು ಬಾಗಿಲ ಚಿಲಕಕ್ಕೆ ಕೈ ಎತ್ತುತ್ತಾನೆ.

ಬಳಗದವರು ಓದಿದ್ದು ಅಲ್ಲಿಯವರೆಗೆ.

ಡಾಲಸ್ ಪಕ್ಕದ ಅರ್ವಿಂಗ್‌ನ ಸಾರ್ವಜನಿಕ ಗ್ರಂಥಾಲಯದ ಒಂದು ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಹದಿನಾಲ್ಕು ಮಂದಿ ಸೇರಿದರು. ಅನುಸೂಯಾ ಬೆಳಗ್ಗೆಯೇ ಆಸ್ಟಿನ್‌ನಿಂದ ಕಾರಿನಲ್ಲಿ ಬಂದಿದ್ದರು. ಸಂಜೆ ಲೇಖಕರನ್ನು ಕರೆದೊಯ್ಯುವವರು ಅವರೇ. ಭಾಸ್ಕರ ಸ್ಲೈಡುಗಳೊಡನೆ ಮಾತಾಡಿದರು. ಒಂದು ಸ್ಲೈಡಿನಲ್ಲಿ ಮುಚ್ಚಿದ ಬಾಗಿಲಿನ ಚಿತ್ರವಿತ್ತು.

"ಎತ್ತಿದ ಕೈ, ಮುಚ್ಚಿದ ಬಾಗಿಲು. ಅಲ್ಲಿಗೆ ಈ ಕಾದಂಬರಿ ಮುಗಿಯುತ್ತೆ. ಸಾಧಾರಣ ಲೇಖಕರಾಗಿದ್ರೆ ಬಾಗಿಲು ತೆರೆದು, ಅಣ್ಣ ತಮ್ಮ ತಬ್ಬಿಕೊಂಡು ಅಳೋ ಸೀನ್ ಬರೀತಿದ್ರು. ಇಲ್ಲಿ ಆ ಆಮಿಷ ಇಲ್ಲ," ಎಂದರು.

ಎಲ್ಲರೂ ತಲೆದೂಗಿದರು. ಒಬ್ಬರು ಮುಕ್ತ ಅಂತ್ಯದ ಬಗ್ಗೆ, ಇನ್ನೊಬ್ಬರು ಆಧುನಿಕ ಮನುಷ್ಯನ ಒಂಟಿತನದ ಬಗ್ಗೆ ಮಾತಾಡಿದರು. ಚನ್ನಬಸಪ್ಪನವರು ಕೈಯಲ್ಲಿದ್ದ ಕಾಗದದ ಲೋಟವನ್ನು ತಿರುಗಿಸುತ್ತ ಕೇಳಿಸಿಕೊಂಡರು. ತಮ್ಮ ಸರದಿ ಬಂದಾಗ, "ಇಷ್ಟು ಮನಸ್ಸಿಟ್ಟು ಓದೀರಿ. ಭಾಳ ಉಪಕಾರ ಆತು," ಎಂದಷ್ಟೇ ಹೇಳಿ ಕುಳಿತರು. ಅವರು ಮಿತಭಾಷಿ ಎಂದು ಎಲ್ಲರೂ ಅಂದುಕೊಂಡರು. ಶಾಲು ಹೊದಿಸಿದರು.

ದಕ್ಷಿಣಕ್ಕೆ ಹೊರಟ ಕಾರಿನಲ್ಲಿ ಅವರು ಆ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ಇಂಥಾವು ಮನ್ಯಾಗ ಒಂದು ಟ್ರಂಕ್ ತುಂಬ ಅದಾವ್ರಿ. ನಮ್ಮಾಕಿ ನಾಕು ತಂದಾಳ ಇಲ್ಲಿಗೆ, ಕೂಸಿನ ತೊಟ್ಟಿಲದಾಗ ಹಾಸಲಿಕ್ಕೆ. ಹೊದಿಸಿದವರು ಭಾಳ ಮಂದಿ. ಅವರೊಳಗ ಓದಿದವರನ್ನ ಹುಡುಕಬೇಕಾಗತದ."

"ನಮ್ಮವರೆಲ್ಲ ಓದಿದಾರೆ ಸರ್."

"ಹೌದ್ರಿ, ಅದು ಕಾಣಿಸ್ತು."

ಅರ್ಧ ದಾರಿಯ ವೇಕೋ ಊರು ದಾಟುವ ಹೊತ್ತಿಗೆ ಅವರೇ ಕೇಳಿದರು.

"ಒಂದು ಕೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ತಂಗಿ. ಕಡೀ ಅಧ್ಯಾಯ ಯಾರಿಗೂ ಹಿಡಸಲಿಲ್ಲೇನ್ರಿ?"

"ಬಾಗಿಲಿನದ್ದಾ ಸರ್? ಎಲ್ಲರೂ ಅದನ್ನೇ ತಾನೆ ಮೆಚ್ಚಿಕೊಂಡಿದ್ದು?"

"ಬಾಗಲದ್ದಲ್ರಿ, ಅದರ ಮುಂದಿಂದು. ಧಾರವಾಡದಾಗ ಒಬ್ಬರು ವಿಮರ್ಶಾ ಬರದಿದ್ರು, ಕಾದಂಬರಿ ಬಾಗಲದಾಗ ಮುಗೀತದ, ಮುಂದಿಂದು ಅಧಿಕಪ್ರಸಂಗ ಅಂತ. ನೀವೂ ಎಲ್ಲಾರೂ ಹಂಗ ಅಂದ್ರಿ. ಬಾಯಿಬಿಟ್ಟು ಹೇಳಲಿಲ್ಲ, ಮರ್ಯಾದಿ ಮಂದಿ. ಆದರ ನನಗ ತಿಳೀತದಲ್ಲ."

ಅನುಸೂಯಾ ಮುಂದಿನ ಎಕ್ಸಿಟ್ ಹಿಡಿದು ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕ ಕಾರು ನಿಲ್ಲಿಸಿದರು.

"ಸರ್, ಅಣ್ಣ ಬಾಗಿಲು ತೆಗೀತಾನಾ?"

ಚನ್ನಬಸಪ್ಪನವರು ಅವರ ಮುಖ ನೋಡಿದರು. "ತಗೀತಾನ್ರಿ. ಮುಂದ ಇನ್ನೂ ಹದಿನಾರು ಪುಟ ಅದಾವ."

ಅನುಸೂಯಾ ಫೋನ್ ತೆಗೆದು ಆ ಪಿಡಿಎಫ್ ನೋಡಿದರು. ಸ್ಕ್ಯಾನ್ ಪ್ರತಿ ನಿಂತದ್ದು ಇನ್ನೂರ ಹದಿನಾರನೆಯ ಪುಟಕ್ಕೆ. ಶೀರ್ಷಿಕೆಯ ಹಿಂಬದಿಯಲ್ಲಿ, ಪ್ರಕಾಶಕರ ವಿಳಾಸದ ಕೆಳಗೆ, ಪುಸ್ತಕದ ಒಟ್ಟು ಪುಟಗಳು ಇನ್ನೂರ ಮೂವತ್ತೆರಡು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಎಲ್ಲ ಕನ್ನಡ ಪುಸ್ತಕಗಳಲ್ಲೂ ಇರುವ ಸಾಲು ಅದು. ಯಾರೂ ಓದುವುದಿಲ್ಲ. ಅವರೂ ಓದಿರಲಿಲ್ಲ.

ಇನ್ನು ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ. ಸೂಟ್‌ಕೇಸಿನಲ್ಲಿ ಬಂದ ಒಂದು ಪ್ರತಿ, ಭಾಸ್ಕರನ ಆಫೀಸಿನ ಸ್ಕ್ಯಾನರ್, ವಾಟ್ಸ್ಆ್ಯಪ್ ಗುಂಪು ಎಲ್ಲವನ್ನೂ ಹೇಳಿದರು. ಕ್ಷಮೆ ಕೇಳಿದರು.

"ಅಂದ್ರ ಕದ್ದು ಓದೀರಿ," ಎಂದರು ಚನ್ನಬಸಪ್ಪ. ತೊಡೆಯ ಮೇಲಿನ ಶಾಲನ್ನು ಸರಿಮಾಡಿಕೊಳ್ಳುತ್ತ, "ಅದೂ ಪೂರಾ ಕದೀಲಿಲ್ಲ," ಎಂದರು. ನಕ್ಕರೋ ನಿಟ್ಟುಸಿರಿಟ್ಟರೋ ಅನುಸೂಯಾಗೆ ತಿಳಿಯಲಿಲ್ಲ.

ಅಲ್ಲಿಂದಲೇ ಭಾಸ್ಕರನಿಗೆ ಫೋನ್ ಮಾಡಿದರು. ಕಾರಿನ ಸ್ಪೀಕರಿನಲ್ಲಿ ಭಾಸ್ಕರನ ದನಿ ಉತ್ಸಾಹದಿಂದ ಬಂತು.

"ಅಕ್ಕ, ನನ್ನ ಸ್ಲೈಡ್ಸ್ ಬಗ್ಗೆ ಸರ್ ಏನಾದ್ರೂ ಅಂದ್ರಾ?"

"ಸರ್ ಪಕ್ಕದಲ್ಲೇ ಇದಾರೆ, ನೀನು ಸ್ಪೀಕರ್‌ನಲ್ಲಿದೀಯ. ಭಾಸ್ಕರ, ಆ ಪುಸ್ತಕದ್ದು ಕೊನೇ ಹದಿನಾರು ಪುಟ ಎಲ್ಲಿ?"

ಉತ್ತರ ನಿಧಾನವಾಗಿ ಬಂತು. "ಬೈಂಡಿಂಗ್ ಬಿಚ್ಚಿ ಸ್ಕ್ಯಾನರ್‌ಗೆ ಕಂತು ಕಂತಾಗಿ ಹಾಕಿದ್ದೆ ಅಕ್ಕ. ಕೊನೇ ಕಂತು ಹಾಕೋ ಹೊತ್ತಿಗೆ ಸೆಕ್ಯೂರಿಟಿಯವನು ಬಂದು, ಬಿಲ್ಡಿಂಗ್ ಕ್ಲೋಸ್ ಮಾಡ್ತೀವಿ ಅಂದ. ಹಾಳೆ ಟ್ರೇನಲ್ಲೇ ಉಳೀತೋ ಏನೋ."

"ಮಾರನೇ ದಿನ ನೋಡಲಿಲ್ವಾ?"

"ಟ್ರೇನಲ್ಲಿ ಉಳಿದ ಪೇಪರನ್ನ ನಮ್ಮಲ್ಲಿ ಬೆಳಗ್ಗೆನೇ ಶ್ರೆಡ್ ಮಾಡ್ಬಿಡ್ತಾರೆ. ಅಯ್ಯೋ, ಸರ್, ನಾನು ಅಷ್ಟೆಲ್ಲ ಮಾತಾಡಿಬಿಟ್ಟೆ."

"ಇರ್ಲಿ ಬಿಡ್ರಿ ಭಾಸ್ಕರ," ಎಂದರು ಚನ್ನಬಸಪ್ಪ. "ನಮ್ಮ ಪ್ರಕಾಶಕರೂ ಉಳದ ಪ್ರತಿ ರದ್ದಿಗೇ ಹಾಕಿದ್ರು. ನೀವು ಹದಿನಾರ ಪುಟ ಹಾಕೀರಿ."

"ಅಕ್ಕ, ಗ್ರೂಪಲ್ಲಿ ಮಾತ್ರ ಹಾಕಬೇಡಿ," ಎಂದರು ಭಾಸ್ಕರ.

ಫೋನ್ ಇಟ್ಟ ಮೇಲೆ ಚನ್ನಬಸಪ್ಪನವರು ತಾವಾಗಿಯೇ ಮಾತಾಡಿದರು. ಆ ಹದಿನಾರು ಪುಟಕ್ಕೆ ಎರಡು ವರ್ಷ ಹಿಡಿಯಿತಂತೆ. ಬಾಗಿಲವರೆಗಿನ ಕತೆ ಒಂದು ಬೇಸಿಗೆ ರಜೆಯಲ್ಲಿ ಮುಗಿದಿತ್ತು. ಬಾಗಿಲು ತೆರೆದ ಮೇಲೆ ಇಬ್ಬರೂ ಏನು ಮಾತಾಡುತ್ತಾರೆ ಎಂಬುದು ಗೊತ್ತಾಗದೆ ಕುಳಿತಿದ್ದರಂತೆ.

"ಬಾಗಲಕ್ಕ ನಿಲ್ಲಿಸೂದು ಸರಳ ಅದ ತಂಗಿ. ಒಳಗ ಹೋಗಿ ಕೂಡೂದು ಕಠಿಣ. ಅದಕ್ಕ ಬರದೆ. ಆಮ್ಯಾಲ ನಾನು ಬರಿಯೂದೂ ಬಿಟ್ಟೆ. ಯಾರೂ ಬಿಡ್ರಿ ಅಂತ ಅನ್ನಲಿಲ್ಲ, ಬರೀರಿ ಅಂತಾನೂ ಅನ್ನಲಿಲ್ಲ. ಊರಾಗ ಶಾಲಿ ಗ್ಯಾದರಿಂಗ್‌ಗೆ ಕರೀತಾರ, ದೀಪ ಹಚ್ಚಸ್ತಾರ. ಸಾಹಿತಿ ಅಂದ್ರ ಅಷ್ಟ ಈಗ."

ಅನುಸೂಯಾಗೆ ಆಗ ನಾಳೆಯ ಒಂದು ಗಂಟೆಯನ್ನು ಏನು ಮಾಡಬೇಕು ಎಂಬುದು ಸ್ಪಷ್ಟವಾಯಿತು. ಸಂವಾದ ಬೇಡ, ಭಾಷಣ ಬೇಡ. ಆ ಹದಿನಾರು ಪುಟವನ್ನು ಅವರೇ ಓದಬೇಕು. ಹಾಗೆಂದು ಕೇಳಿದಾಗ ಚನ್ನಬಸಪ್ಪನವರು ಕೂಡಲೇ ಒಪ್ಪಲಿಲ್ಲ. "ಮಂದಿ ಕೂಡತಾರೇನ್ರಿ?" ಎಂದರು. "ನಮ್ಮ ಓದುಗರಂತೂ ಕೂರ್ತಾರೆ," ಎಂದರು ಇವರು.

ಆದರೆ ಆ ಪುಟಗಳು ಇಡೀ ಟೆಕ್ಸಸ್‌ನಲ್ಲಿ ಇರಲಿಲ್ಲ. ಲೇಖಕರು ತಮ್ಮ ಪುಸ್ತಕವನ್ನು ತಾವು ಹೊತ್ತು ತಂದಿರಲಿಲ್ಲ. ಫ್ಲೂಗರ್‌ವಿಲ್ ಮನೆ ತಲುಪಿ, ಅನುಸೂಯಾರ ಗಂಡ ವಾಸುದೇವ ದೋಸೆ ಹುಯ್ಯುತ್ತಿದ್ದಾಗ, ಚನ್ನಬಸಪ್ಪನವರು ಗದಗಿನ ನೆರೆಮನೆಯ ಭೀಮಸೇನರಿಗೆ ಫೋನ್ ಮಾಡಿದರು. ಅಲ್ಲಿ ಆಗ ತಾನೆ ಬೆಳಗಾಗಿತ್ತು. ಮನೆಯ ಕೀಲಿ ಭೀಮಸೇನರ ಬಳಿ ಇತ್ತು. ಅವರು ಹೋಗಿ, ಕಪಾಟಿನಿಂದ ಪುಸ್ತಕ ತೆಗೆದು, ಒಂದೊಂದೇ ಪುಟದ ಫೋಟೊ ಹಿಡಿದು ಕಳಿಸಿದರು. ಪ್ರತಿ ಪುಟದ ಅಂಚಿನಲ್ಲೂ ಅವರ ಹೆಬ್ಬೆರಳಿತ್ತು. ಕೆಲವು ಕಡೆ ಒಂದೆರಡು ಪದ ಅದರಡಿ ಸೇರಿಹೋಗಿದ್ದವು.

"ಬೆರಳಿರೋ ಕಡೆ ಏನಿದೆ ಅಂತ ನಿಮಗೆ ನೆನಪಿರುತ್ತಲ್ವಾ ಸರ್?" ಎಂದು ಕೇಳಿದರು ವಾಸುದೇವ, ಪ್ರಿಂಟ್ ತೆಗೆಯುತ್ತ.

"ನನಗ ನೆನಪಿರಲಿಲ್ಲಾಂದ್ರ ಇನ್ಯಾರಿಗಿರತದ್ರಿ?"

ಅನುಸೂಯಾ ಬಳಗಕ್ಕೆ ಒಂದು ಸಂದೇಶ ಹಾಕಿದರು: ನಾವು ಓದಿದ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ, ನಾಳೆ ಲೇಖಕರೇ ಓದುತ್ತಾರೆ, ದಯವಿಟ್ಟು ಬನ್ನಿ. ಭಾಸ್ಕರನ ಹೆಸರು ಬರೆಯಲಿಲ್ಲ. ಹ್ಯೂಸ್ಟನ್‌ನವರು ದೂರ ಎಂದರು. ಡಾಲಸ್‌ನವರಲ್ಲಿ ಭಾಸ್ಕರ ಮಾತ್ರ ಬರುತ್ತೇನೆ ಎಂದರು.

ರಾಜ್ಯೋತ್ಸವ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಕಾರ್ಯಕ್ರಮ ಶುರುವಾದದ್ದೇ ತಡ. ಮಕ್ಕಳ ನೃತ್ಯಗಳು ಪಟ್ಟಿಯಲ್ಲಿದ್ದದ್ದಕ್ಕಿಂತ ಹೆಚ್ಚಾದವು. ಒಂದು ತಂಡದ ಹಾಡು ಮಧ್ಯದಲ್ಲಿ ನಿಂತುಹೋಗಿ ಮೊದಲಿನಿಂದ ಕುಣಿಯಬೇಕಾಯಿತು. ತಮ್ಮ ಮಕ್ಕಳು ವೇದಿಕೆ ಇಳಿದ ಕೂಡಲೇ ತಂದೆ ತಾಯಿಯರು ಎದ್ದು ಹೊರಗೆ ಹೋಗುತ್ತಿದ್ದರು. ಗೋಷ್ಠಿಯ ಹೊತ್ತು ಬಂದಾಗ ಅವಿನಾಶ್ ವೇದಿಕೆಯ ಪಕ್ಕ ಬಂದು ನಿಂತರು.

"ಮೇಡಂ, ಪ್ಲೀಸ್. ಇಪ್ಪತ್ತೇ ನಿಮಿಷ. ಸನ್ಮಾನ ಸೇರಿ. ಕೇಟರಿಂಗ್‌ನವರು ಟ್ರೇ ಇಳಿಸಿ ಆಗಿದೆ."

"ಒಂದು ಗಂಟೆ ಅಂದಿದ್ರಿ, ಅವಿನಾಶ್."

"ನಾನೇನ್ ಮಾಡ್ಲಿ ಹೇಳಿ. ಮಕ್ಕಳನ್ನ ವೇದಿಕೆಯಿಂದ ಇಳಿಸೋಕಾಗುತ್ತಾ?"

"ಹಾಗಾದ್ರೆ ಸನ್ಮಾನ ಬೇಡ. ಶಾಲು, ಹಾರ ಏನೂ ಬೇಡ."

"ಸ್ಪಾನ್ಸರ್ಸ್ ಹೊದಿಸ್ಬೇಕು ಅಂತ ಇದೆ ಮೇಡಂ. ಅದಕ್ಕೇ ಬಂದಿದಾರೆ ಅವರು."

ಅನುಸೂಯಾ ಬಿಟ್ಟುಕೊಡಬಹುದಾದದ್ದು ತಮ್ಮ ಪರಿಚಯ ಭಾಷಣ ಮಾತ್ರ. ಅದನ್ನು ಬಿಟ್ಟರು. ಪ್ರಾಯೋಜಕರು ಶಾಲು ಹೊದಿಸಿದರು, ಫೋಟೊ ಆಯಿತು, ಒಬ್ಬರ ಕಣ್ಣು ಮುಚ್ಚಿತೆಂದು ಇನ್ನೊಂದು ಫೋಟೊ ಆಯಿತು. ಚನ್ನಬಸಪ್ಪನವರು ಶಾಲು ಹೊದ್ದುಕೊಂಡೇ ಮೈಕಿನ ಮುಂದೆ ನಿಂತು ಓದಲು ಶುರುಮಾಡಿದರು. ಮುನ್ನುಡಿಯ ಮಾತಿಲ್ಲ. ಚಿಲಕದ ಸದ್ದಿನಿಂದಲೇ ಆರಂಭ.

ಅವರ ದನಿ ಸಣ್ಣದು, ಆದರೆ ಓದು ಸ್ಪಷ್ಟವಾಗಿತ್ತು. ಅಣ್ಣ ಬಾಗಿಲು ತೆರೆಯುತ್ತಾನೆ. ತಮ್ಮನನ್ನು ನೋಡಿ, ಬಾ ಎನ್ನುವುದಿಲ್ಲ, ಹೋಗು ಎನ್ನುವುದೂ ಇಲ್ಲ. ಚಪ್ಪಲಿ ಒಳಗೆ ಬಿಡು, ಹೊರಗೆ ನಾಯಿ ಒಯ್ಯುತ್ತದೆ ಎನ್ನುತ್ತಾನೆ. ಸಭಾಂಗಣದ ಮುಂದಿನ ಎರಡು ಸಾಲುಗಳಲ್ಲಿ ಬಳಗದ ಹತ್ತು ಹನ್ನೊಂದು ಮಂದಿ ಕುಳಿತಿದ್ದರು. ಅವರ ಹಿಂದೆ ಅಲ್ಲೊಬ್ಬರು ಇಲ್ಲೊಬ್ಬರು, ಹೆಚ್ಚಿನವರು ಊರಿನಿಂದ ಬಂದ ಹಿರಿಯರು. ಭಾಸ್ಕರ ತಲೆ ತಗ್ಗಿಸಿ ಕೇಳುತ್ತಿದ್ದರು. ಅರ್ಧ ಹಾಲ್ ತುಂಬಿಲ್ಲ ಎಂಬುದನ್ನು ನೋಡಲು ಅನುಸೂಯಾ ತಿರುಗಬೇಕಾಗಿರಲಿಲ್ಲ.

ಒಂಬತ್ತನೆಯ ಪುಟದಲ್ಲಿ ಊಟದ ಕಡೆಯ ಬಾಗಿಲುಗಳನ್ನು ಯಾರೋ ತೆರೆದರು. ಬಿಸಿಬೇಳೆಬಾತಿನ ವಾಸನೆಯೂ ತಟ್ಟೆಗಳ ಸದ್ದೂ ಒಟ್ಟಿಗೇ ಒಳಗೆ ಬಂದವು. ಹಿಂದಿನವರು ಎದ್ದರು. ಕೇಳಿಸಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯನ್ನು ಮೊಮ್ಮಗಳು ಕೈ ಹಿಡಿದು, "ಅಜ್ಜಿ, ದ ಲೈನ್ ಈಸ್ ಗೆಟಿಂಗ್ ಲಾಂಗ್," ಎಂದು ಎಳೆದಳು.

ಚನ್ನಬಸಪ್ಪನವರು ಆ ಪ್ಯಾರಾದ ಕೊನೆಯವರೆಗೆ ಓದಿ ಹಾಳೆಗಳನ್ನು ಮಡಿಚಿದರು. "ನಮಸ್ಕಾರ," ಎಂದರು.

"ಸರ್, ಇನ್ನೂ ಏಳು ಪುಟ ಇದೆ. ಓದಿ," ಎಂದು ಅನುಸೂಯಾ ಕೆಳಗಿನಿಂದ ಹೇಳಿದರು.

"ಸಾಕ್ರಿ. ಮಂದಿ ಹಸದಾರ."

ಉಳಿದ ಏಳು ಪುಟವನ್ನು ಅವರು ಊಟದ ಸಾಲಿನಲ್ಲಿ ಹೇಳಿದರು. ಬಳಗದವರು ಸುತ್ತುಗಟ್ಟಿ, ಮುಂದೇನಾಯಿತು ಎಂದು ಕೇಳಿದ್ದರಿಂದ ಹೇಳಿದರು. ಒಂದು ಕೈಯಲ್ಲಿ ತಟ್ಟೆ, ಸಾಲಿನೊಡನೆ ಒಂದೊಂದೇ ಹೆಜ್ಜೆ. ಅಣ್ಣ ತಮ್ಮ ಇಬ್ಬರೂ ಹಂಚಿನ ಬೆಲೆ ಮಾತಾಡುತ್ತಾರೆ, ಯಾರದೋ ಮದುವೆ ಮಾತಾಡುತ್ತಾರೆ. ಪಾಲಿನ ಮಾತು ಬರುವುದಿಲ್ಲ. ತಮ್ಮನಾದವನು ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದರಲ್ಲಿ ಒಂದು ಮಾತೂ ಆಡುವುದಿಲ್ಲ. ಸಂಜೆಯ ಬಸ್ಸಿಗೆ ಅಣ್ಣ ನಿಲ್ದಾಣದವರೆಗೆ ಬಂದು, ಬಸ್ಸು ಹೊರಡುವ ಮೊದಲೇ ತಿರುಗಿ ಮನೆಗೆ ನಡೆಯುತ್ತಾನೆ.

ಇಷ್ಟು ಹೇಳುವಾಗ ಎರಡು ಸಲ ಬೇರೆಯವರು, "ಎಕ್ಸ್‌ಕ್ಯೂಸ್ ಮಿ ಅಂಕಲ್," ಎಂದು ನಡುವೆ ದಾಟಿದರು.

"ಅಷ್ಟೇನಾ ಸರ್?" ಎಂದರು ನಿಖಿತಾ, ಬಳಗದ ಕಿರಿಯ ಸದಸ್ಯೆ. "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಬಾಗಿಲಲ್ಲೇ ಮುಗಿದಿದ್ದು ಇಷ್ಟ ಆಗಿತ್ತು."

"ಇರಬಹುದವಾ," ಎಂದರು ಅವರು.

"ನನಗೆ ಇದೇ ಇಷ್ಟ ಆಯ್ತು," ಎಂದರು ಭಾಸ್ಕರ.

"ನೀನು ಇನ್ನೇನು ತಾನೆ ಹೇಳ್ತೀಯ?" ಎಂದರು ಅನುಸೂಯಾ.

ಎಲ್ಲರೂ ನಕ್ಕರು, ಚನ್ನಬಸಪ್ಪನವರೂ ಸೇರಿ. ಆ ಎರಡು ದಿನಗಳಲ್ಲಿ ಅವರು ಬಾಯ್ತುಂಬ ನಕ್ಕದ್ದು ಅದೊಂದೇ ಸಲ ಎಂದು ಅನುಸೂಯಾ ನೆನೆಯುತ್ತಾರೆ. ಸಂಜೆ ರಿಷಭ್ ಬಂದು ಅವರನ್ನು ಕರೆದುಕೊಂಡು ಹೋದ. ಫೆಬ್ರವರಿಯಲ್ಲಿ ವೀಸಾ ಅವಧಿ ಮುಗಿಯುವ ಮೊದಲೇ ಅವರು ಗದಗಿಗೆ ಮರಳಿದರು. ಆಮೇಲೆ ಮತ್ತೇನಾದರೂ ಬರೆದರೋ ಇಲ್ಲವೋ ಅನುಸೂಯಾಗೆ ಗೊತ್ತಿಲ್ಲ. ಹಬ್ಬಗಳಿಗೆ ಅವರ ಶುಭಾಶಯದ ಸಂದೇಶ ಬರುತ್ತದೆ.

ಆ ಸೋಮವಾರ ಅನುಸೂಯಾ ಭೀಮಸೇನರ ಹದಿನಾರೂ ಫೋಟೊಗಳನ್ನು ಗುಂಪಿಗೆ ಹಾಕಿದ್ದರು. ಎಲ್ಲರೂ ನೋಡಿದ್ದರ ಗುರುತು ಫೋನಿನಲ್ಲಿ ಮೂಡಿತು. ಇಬ್ಬರು ಕೈಮುಗಿಯುವ ಚಿತ್ರ ಕಳಿಸಿದರು. ತಿಂಗಳ ಕೊನೆಯ ಫೋನ್ ಚರ್ಚೆಗೆ ಆರು ಮಂದಿ ಬಂದರು. ಬಳಗವನ್ನು ನಿಲ್ಲಿಸುವುದಾಗಿ ಯಾರೂ ಹೇಳಲಿಲ್ಲ. ಮರುವರ್ಷದ ಬೇಸಿಗೆಯ ಹೊತ್ತಿಗೆ ಆ ಭಾನುವಾರಗಳು ತಾವಾಗಿಯೇ ಖಾಲಿಯಾದವು.

2016ರ ಸೆಪ್ಟೆಂಬರಿನಲ್ಲಿ ಅವಿನಾಶ್ ಫೋನ್ ಮಾಡಿದರು. ಗೋಷ್ಠಿಯ ಹೊತ್ತನ್ನು ಫ್ಯಾಷನ್ ಶೋಗೆ ಕೊಟ್ಟಾಗಿದೆ, ಬೇಕಾದರೆ ಮಧ್ಯದಲ್ಲಿ ಐದು ನಿಮಿಷ ಪುಸ್ತಕ ಪರಿಚಯ ಇಟ್ಟುಕೊಳ್ಳಬಹುದು ಎಂದರು. ಅವರ ದನಿಯಲ್ಲಿ ನಿಜವಾದ ಸಂಕೋಚವಿತ್ತು ಎನ್ನುತ್ತಾರೆ ಅನುಸೂಯಾ.

"ಐದು ನಿಮಿಷ ಬೇಡ ಅವಿನಾಶ್. ಬಿಟ್ಟುಬಿಡಿ."

"ಬೇಜಾರಾ ಮೇಡಂ?"

"ಇಲ್ಲ. ಸುಸ್ತು."

"ಹಾಗಾದ್ರೆ ಊಟದ ಕಮಿಟಿಗೆ ಬರ್ತೀರಾ? ಅಲ್ಲಿ ಜನಾನೇ ಇಲ್ಲ."

ಅನುಸೂಯಾ ಆಗಲಿ ಎಂದರು. ಆ ವರ್ಷದ ರಾಜ್ಯೋತ್ಸವದಲ್ಲಿ ಅವರು ತಲೆಗೆ ಜಾಲರಿ ಟೋಪಿ ಹಾಕಿಕೊಂಡು ಊಟದ ಕಡೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕೇಟರಿಂಗ್‌ನವರು ಎರಡು ಸಲ ಬಂದು ಅನ್ನ ಆರುತ್ತಿದೆ ಎಂದರು. ಒಳಗಿನ ಕಾರ್ಯಕ್ರಮ ಮುಗಿಯುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದು ಅನುಸೂಯಾ ಎರಡು ಸಲವೂ ಹೇಳಿ ಕಳಿಸಿದರು. ಒಳಗೆ ಆಗ ಲಕ್ಕಿ ಡ್ರಾ ನಡೆಯುತ್ತಿತ್ತು.